ಚವದಾರ ಕೆರೆಯ ಪ್ರತಿವಾದಿ

ನ್ಯಾಯವಾದಿಗಳ ವೃತ್ತಿಯನ್ನು ಕುರಿತು ನಮ್ಮ ಜನರಲ್ಲಿ ಸದಭಿಪ್ರಾಯವು ಹೆಚ್ಚಾಗಿಲ್ಲ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯು ವಿನೋದಕ್ಕಾಗಿ ಹುಟ್ಟಿದುದಲ್ಲ. ಕಚೇರಿಯಿಂದ ಕಚೇರಿಗೆ ಅಲೆದು ಮನೆಮಾರು ಕಳೆದುಕೊಂಡ ಕಕ್ಷಿಗಾರರ ಅನುಭವದಿಂದ ಹುಟ್ಟಿದುದು. ಆದರೆ ಅದೇ ವೃತ್ತಿಯನ್ನು ಜೀವನೋಪಾಯಕ್ಕಾಗಿ ಹಿಡಿದು, ಅದೇ ಶಾಸ್ತ್ರವನ್ನು ಮನುಷ್ಯಮಾತ್ರರ ಹಕ್ಕಿನ ರಕ್ಷಣೆಗಾಗಿ ಪ್ರಯೋಗಿಸಿದ ಮಹನೀಯರೂ ಆಗಿಹೋಗಿರುವರು. ಅಂಥವರಲ್ಲಿ ಡಾಕ್ಟರ್ ಭೀಮರಾವ್ ರಾಮಜಿ ಅಂಬೇಡಕರರು ಅಗ್ರಗಣ್ಯರು. ಭಾರತದ ರಾಜ್ಯಾಂಗವನ್ನು ರಚಿಸಿದವರೆಂದು ಅವರನ್ನು ಎಲ್ಲರೂ ಬಲ್ಲರು. ಒಂದು ಕೆರೆಯ ನೀರಿಗಾಗಿ ನಡೆದ ದಾವೆಯಲ್ಲಿ ಅವರು ಹತ್ತು ವರ್ಷಗಳ ಕಾಲ ಪ್ರತಿವಾದಿಯಾಗಿದ್ದರೆಂಬುದನ್ನು ಬಲ್ಲವರು ಅಷ್ಟು ಮಂದಿಯಿಲ್ಲ. ಆ ದಾವೆಯನ್ನೇ ಮುಖ್ಯವಾಗಿಟ್ಟುಕೊಂಡು ಅವರ ಜೀವಿತವನ್ನು ವಾಚಕರ ಮುಂದಿಡಬೇಕೆಂಬುದು ನಮ್ಮ ಉದ್ದೇಶ.

ಅಂಬೇಡಕರರು 1891ನೆಯ ಇಸವಿ ಏಪ್ರಿಲ್ 14ರಂದು ಮಧ್ಯಭಾರತದ ಮಹೂ ದಂಡಿನಲ್ಲಿ ಜನಿಸಿದರು. ತಂದೆ ರಾಮಜಿ ಸಕಪಾಳರು ಸೈನ್ಯದಲ್ಲಿ ಸುಬೇದಾರರಾಗಿದ್ದರು. ಮನೆತನವು ಕೊಂಕಣದ ರತ್ನಾಗಿರಿ ಜಿಲ್ಲೆಯದು. ಅಸ್ಪೃಶ್ಯವೆಂದು ಎಣಿಸಲ್ಪಟ್ಟಿದ್ದ ಮಹಾರ ಜಾತಿಗೆ ಸೇರಿದುದು. ತಂದೆಗೆ ವಿದ್ಯೆಯಲ್ಲಿ ಅಪಾರವಾದ ಶ್ರದ್ಧೆಯಿದ್ದುದರಿಂದ ಮಗನು ಸಾತಾರೆಯಲ್ಲಿ ಶಾಲೆಗೆ ಸೇರುವಂತಾಯಿತು. ಅಲ್ಲಿ ಅವರು ಮಿಕ್ಕ ಹುಡುಗರಿಂದ ದೂರವಾಗಿ ಒಂದು ಗೋಣಿಯ ಮೇಲೆ ಕುಳಿತುಕೊಳ್ಳಬೇಕಾಗಿದ್ದಿತು. ಶಾಲೆಯನ್ನು ಗುಡಿಸುವ ಆಳು ಆ ಗೋಣಿಯನ್ನು ಮುಟ್ಟುತ್ತಿರಲಿಲ್ಲವಾದುದರಿಂದ ಅದನ್ನು ಸಂಜೆ ಮನೆಗೆ ಹೊತ್ತು ಮರುದಿನ ತಿರುಗಿ ತರಬೇಕಾಗಿದ್ದಿತು. ಬಾಯಾರಿದರೆ ನಲ್ಲಿಯನ್ನು ತಾವೇ ಮುಟ್ಟುವಂತಿರಲಿಲ್ಲ. ಶಾಲೆಯ ಜವಾನನು ಬಂದು ತಿರುಗಿಸಿದರೆ ನೀರುಂಟು. ಜವಾನನಿಲ್ಲದ ದಿನ ನೀರಿಲ್ಲ. ಈ ನೀರಿನ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ.

ಅವರು 1907ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿಯೂ 1912ರಲ್ಲಿ ಬಿ.ಎ. ಪರೀಕ್ಷೆಯಲ್ಲಿಯೂ ತೇರ್ಗಡೆ ಹೊಂದಿದರು. ಬಡೋದೆಯ ಸಯಾಜಿರಾವ್ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕಾ ದೇಶದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೂ, 1916ರಲ್ಲಿ ಲಂಡನ್ನಿಗೂ ಹೋಗಿ ಅರ್ಥಶಾಸ್ತ್ರವನ್ನು ಅಭ್ಯಾಸಮಾಡಿದರು. ವೇತನದ ಅವಧಿಯು ಮುಗಿಯಲು 1917ರಲ್ಲಿ ಹಿಂತಿರುಗಿ, ಒಪ್ಪಂದದಂತೆ ಬಡೋದೆಯ ಸಂಸ್ಥಾನದ ಸೇವೆಗೆ ಸೇರಿದರು. ಇಷ್ಟು ವಿದ್ಯೆಯನ್ನು ಗಳಿಸಿ ಬಂದವರಿಗೆ ಆ ಪಟ್ಟಣದಲ್ಲಿ ಬಾಡಿಗೆಗೆ ಒಂದು ಕೋಣೆ ಸಿಕ್ಕಲಿಲ್ಲ. ಪಾರಸಿಗಳ ವಸತಿಗೃಹವೊಂದರಲ್ಲಿ ಕೆಲವು ದಿನ ಇದ್ದರು. ಜಾತಿಯು ತಿಳಿದ ಕೂಡಲೆ ದೊಣ್ಣೆ ಹಿಡಿದು ಬಂದ ಗುಂಪು ಅವರನ್ನು ಅಲ್ಲಿಂದ ಹೊರಡಿಸಿತು. ಪದವಿಗಳ ಬಲವೊಂದರಿಂದಲೇ ಮನುಷ್ಯನಿಗೆ ನೆರಳು ಸಹ ದೊರೆಯದೆಂಬುದು ಅವರಿಗೆ ಅಲ್ಲಿ ಪ್ರತ್ಯಕ್ಷವಾಯಿತು.

ಬಳಿಕ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅಧ್ಯಾಪಕರಾಗಿ ಹಣ ಕೂಡಿಸಿ, ಕೊಲ್ಲಾಪುರದ ಶಾಹು ಮಹಾರಾಜರ ನೆರವನ್ನೂ ಪಡೆದು, 1920ರಲ್ಲಿ ಅವರು ಮರಳಿ ಲಂಡನ್ನಿಗೆ ಹೋದರು. ಅಲ್ಲಿ ಗ್ರೇಸ್ ಇನ್ ಸಂಸ್ಥೆಯಿಂದ 1922ರಲ್ಲಿ ಬ್ಯಾರಿಸ್ಟರಾದರು. ಅರ್ಥಶಾಸ್ತ್ರದಲ್ಲಿ ಡಾಕ್ಟರ್ ಪದವಿಯೂ 1923ರಲ್ಲಿ ಲಭಿಸಿತು. ಮುಂಬಯಿಯಲ್ಲಿ ವಕೀಲಿ ನಡೆಸಲು ಬೇಕಾದ ಸನದಿನ ಶುಲ್ಕಕ್ಕೆ ಅವರ ಕೈಯಲ್ಲಿ ಹಣವಿರಲಿಲ್ಲ. ನವಲ ಭಥೇನಾ ಎಂಬ ಪಾರಸಿ ಮಿತ್ರರು ಸಾಲ ಕೊಟ್ಟರು. ದೊಡ್ಡ ದೊಡ್ಡ ಮೊಕದ್ದಮೆಗಳನ್ನು ಹಂಚುವ ಅಧಿಕಾರವು ಸಾಲಿಸಿಟರುಗಳ ಕೈಯಲ್ಲಿದ್ದಿತು. ಅಸ್ಪೃಶ್ಯ ಬ್ಯಾರಿಸ್ಟರನ ಬಳಿಗೆ ಅವು ಬರುವುದು ಅಪರೂಪ. ಹೀಗಾಗಿ ಅವರು ಜಿಲ್ಲೆಯ ಕೋರ್ಟುಗಳಲ್ಲಿ ಸಣ್ಣಪುಟ್ಟ ವ್ಯಾಜ್ಯಗಳನ್ನು ನಡೆಸುತ್ತ, ಸಾಲದುದಕ್ಕೆ ಲೆಕ್ಕಪತ್ರದ ವಿದ್ಯಾಲಯವೊಂದರಲ್ಲಿ ವ್ಯಾಪಾರ ಕಾನೂನಿನ ಪಾಠ ಹೇಳುತ್ತ, ಸಂಸಾರವನ್ನು ಸಾಗಿಸಿದರು. ಮುಂದೆ 1928ರಲ್ಲಿ ಮುಂಬಯಿಯ ಸರಕಾರಿ ಕಾನೂನು ಕಾಲೇಜಿನಲ್ಲಿ ಅಧ್ಯಾಪಕರಾಗಿ, 1935ರಲ್ಲಿ ಅದರ ಪ್ರಿನ್ಸಿಪಾಲರೂ ಆದರು.

ವೃತ್ತಿಯಲ್ಲಿ ನೆಲೆಯೂರುವುದಕ್ಕೆ ಮುಂಚಿನಿಂದಲೂ ಅವರು ಲೋಕಕಾರ್ಯವನ್ನು ಬಿಟ್ಟವರಲ್ಲ. 1924ರಲ್ಲಿ ಬಹಿಷ್ಕೃತ ಹಿತಕಾರಿಣೀ ಸಭೆಯನ್ನು ಸ್ಥಾಪಿಸಿದರು. 1925ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಕೂಡಿದ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತಿಗೆ ಅಧ್ಯಕ್ಷರಾಗಿದ್ದರು. ಪುಣೆಯ ಬ್ರಾಹ್ಮಣೇತರ ಮುಖಂಡರು ಕೆಲವರು ಒಂದು ಪುಸ್ತಕದ ನಿಮಿತ್ತ ಮಾನನಷ್ಟದ ಮೊಕದ್ದಮೆಗೆ ಸಿಲುಕಿದಾಗ, 1926ರಲ್ಲಿ ಅವರ ಪರವಾಗಿ ವಾದಿಸಿ ಬಿಡುಗಡೆ ಮಾಡಿಸಿದರು. ಸಂತಾನನಿಯಮನವನ್ನು ಪ್ರತಿಪಾದಿಸುತ್ತಿದ್ದ ರಘುನಾಥ ಧೋಂಡೋ ಕರ್ವೆಯವರ ಮೇಲೆ ಅಶ್ಲೀಲ ಬರವಣಿಗೆಯ ಆರೋಪ ಬಂದಾಗ, 1934ರಲ್ಲಿ ಅವರ ಪರವಾಗಿ ನಿಂತರು, ಅದರಲ್ಲಿ ಸೋತರು. ಸೋಲು ಗೆಲವುಗಳನ್ನು ಎಣಿಸಿಯೇ ಕಕ್ಷಿಯನ್ನು ಹಿಡಿಯುವವರು ಇಂತಹ ಮೊಕದ್ದಮೆಯನ್ನು ಮುಟ್ಟುತ್ತಿರಲಿಲ್ಲ.

ಇನ್ನು ಕೆರೆಯ ವಿಷಯ. ಮುಂಬಯಿ ಶಾಸನಸಭೆಯಲ್ಲಿ ಎಸ್. ಕೆ. ಬೋಲೆಯವರು ತಂದ ಒಂದು ನಿರ್ಣಯವು 1923ರ ಆಗಸ್ಟ್ 4ರಂದು ಸ್ವೀಕೃತವಾಯಿತು. ಸಾರ್ವಜನಿಕ ಹಣದಿಂದ ಕಟ್ಟಿದ ಅಥವಾ ನಡೆಯುತ್ತಿರುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಆಸ್ಪತ್ರೆಗಳು ಅಸ್ಪೃಶ್ಯರಿಗೂ ತೆರೆದಿರತಕ್ಕದ್ದೆಂಬುದು ಅದರ ಸಾರ. ಕೊಲಾಬಾ ಜಿಲ್ಲೆಯ ಮಹಾಡ ಪಟ್ಟಣದ ಪುರಸಭೆಯು ಇದಕ್ಕನುಸಾರವಾಗಿ 1924ರ ಜನವರಿಯಲ್ಲಿ ತನ್ನ ಚವದಾರ ಕೆರೆಯನ್ನು ಎಲ್ಲರಿಗೂ ತೆರೆದಿರುವುದಾಗಿ ನಿರ್ಣಯಿಸಿತು. ನಿರ್ಣಯವು ಪುಸ್ತಕದಲ್ಲಿ ಬರೆಯಲ್ಪಟ್ಟಿತು. ಮೂರು ವರ್ಷಗಳಾದರೂ ಒಬ್ಬ ಅಸ್ಪೃಶ್ಯನಾದರೂ ಆ ಕೆರೆಯಿಂದ ಒಂದು ಕೊಡ ನೀರನ್ನು ತರಲಾಗಲಿಲ್ಲ. ಮುಸಲ್ಮಾನರು ಮೊದಲಾದವರೆಲ್ಲ ಬಳಸುತ್ತಿದ್ದ ನೀರದು. ಇವರಿಗೆ ಮಾತ್ರ ವರ್ಜ್ಯ.

1927ರ ಮಾರ್ಚ್ 19 ಮತ್ತು 20ರಂದು ಮಹಾಡದಲ್ಲಿ ಅಸ್ಪೃಶ್ಯರ ಪರಿಷತ್ತು ಕೂಡಿತು, ಅಂಬೇಡಕರರು ಅಧ್ಯಕ್ಷರು. ಎರಡನೆಯ ದಿನ ಸಾವಿರಾರು ಜನರು ಶಾಂತರೀತಿಯಿಂದ ಸಾಲಾಗಿ ಕೆರೆಗೆ ನಡೆದರು. ಅಂಬೇಡಕರರು ಮೊದಲು ಇಳಿದು ಬೊಗಸೆಯಲ್ಲಿ ನೀರನ್ನೆತ್ತಿ ಕುಡಿದರು. ಹಿಂದೆ ಬಂದವರೂ ಕುಡಿದರು. ಕೆಲವು ಗಳಿಗೆಗಳಲ್ಲಿಯೇ ಇವರು ವೀರೇಶ್ವರ ದೇವಾಲಯವನ್ನೂ ಹೊಗುವರೆಂಬ ಸುಳ್ಳು ವದಂತಿಯು ಊರಲ್ಲಿ ಹಬ್ಬಿತು. ದೊಣ್ಣೆಗಳನ್ನು ಹಿಡಿದ ಗುಂಪು ಪರಿಷತ್ತಿನ ಚಪ್ಪರಕ್ಕೆ ನುಗ್ಗಿ, ಊಟ ಮಾಡುತ್ತಿದ್ದವರನ್ನೂ ಊರಿಗೆ ಹೊರಟವರನ್ನೂ ಹೊಡೆಯಿತು. ಅಸ್ಪೃಶ್ಯರಲ್ಲಿ ಸೈನ್ಯದಲ್ಲಿದ್ದು ಬಂದವರು ಅನೇಕರಿದ್ದರು. ತಿರುಗಿ ಹೊಡೆಯಲು ಅಪ್ಪಣೆಗಾಗಿ ಕಾದರು. ಅಂಬೇಡಕರರು ಅಪ್ಪಣೆ ಕೊಡಲಿಲ್ಲ. ಹಲ್ಲೆಯ ವಿಚಾರವು ಕೋರ್ಟಿಗೆ ಹೋಗಿ ಕೆಲವರಿಗೆ ಶಿಕ್ಷೆಯಾಯಿತು. ಸನಾತನಿಗಳು 108 ಕೊಡ ಪಂಚಗವ್ಯವನ್ನು ಸುರಿದು ಕೆರೆಯನ್ನು ಶುದ್ಧಿಮಾಡಿದರು. ಆಗಸ್ಟಿನಲ್ಲಿ ಪುರಸಭೆಯು ತನ್ನ ಹಳೆಯ ನಿರ್ಣಯವನ್ನೇ ರದ್ದುಗೊಳಿಸಿತು.

ಡಿಸೆಂಬರಿನಲ್ಲಿ ಮರಳಿ ಮಹಾಡದಲ್ಲಿ ಸೇರಿ ಸತ್ಯಾಗ್ರಹ ಹೂಡಬೇಕೆಂದು ಅಂಬೇಡಕರರು ಸಾರಿದರು. ಎದುರು ಪಕ್ಷದವರು ಡಿಸೆಂಬರ್ 12ರಂದು ಮಹಾಡದ ಕೋರ್ಟಿನಲ್ಲಿ ಅವರ ಮೇಲೂ ಅವರ ಸಂಗಡಿಗರ ಮೇಲೂ ದಾವೆ ಹಾಕಿ, 14ರಂದು ತಾತ್ಕಾಲಿಕ ಪ್ರತಿಬಂಧಕಾಜ್ಞೆಯನ್ನು ಪಡೆದರು. 25ರಂದು ಪರಿಷತ್ತು ಕೂಡಿತು. ಆ ಸಂಜೆ ಮನುಸ್ಮೃತಿಯನ್ನು ಸುಟ್ಟರು. ಸತ್ಯಾಗ್ರಹಕ್ಕಾಗಿ ಸಾವಿರಾರು ಮಂದಿ ಹೆಸರು ಕೊಟ್ಟು, ಜೈಲಿಗೆ ಹೋಗಲು ಸಿದ್ಧರಾಗಿ ಕುಳಿತಿದ್ದರು. ಇಲ್ಲಿ ಅಂಬೇಡಕರರಿಗೆ ಧರ್ಮಸಂಕಟವು ಒದಗಿತು. ಮುಖಂಡನಾಗಿ ಜನರನ್ನು ಕೆರೆಗೆ ಕರೆದೊಯ್ಯಬೇಕು. ನ್ಯಾಯವಾದಿಯಾಗಿ ಕೋರ್ಟಿನ ಆಜ್ಞೆಯನ್ನು ಮನ್ನಿಸಬೇಕು. ಸರ್ಕಾರವು ತಮಗೆ ವಿರೋಧಿಯಾಗಿಲ್ಲದಿರುವಾಗ ಕೋರ್ಟಿನ ಆಜ್ಞೆಯನ್ನು ಮುರಿದು ಅದನ್ನೂ ಎದುರು ಹಾಕಿಕೊಳ್ಳುವುದು ಉಚಿತವಲ್ಲವೆಂದು ಅವರು ಜನರಿಗೆ ವಿವರಿಸಿ, ಸತ್ಯಾಗ್ರಹವನ್ನು ಮುಂದಕ್ಕೆ ಹಾಕಿಸಿದರು. ನೆರೆದವರಲ್ಲಿ ಅನೇಕರಿಗೆ ಇದು ಬಹಳ ವ್ಯಸನವನ್ನುಂಟುಮಾಡಿತು. ಆದರೂ ಊರಲ್ಲಿ ಮೆರವಣಿಗೆ ಮಾಡಿ, ನೀರನ್ನು ಮುಟ್ಟದೆ ಹಿಂತಿರುಗಿದರು. ತಿರುಗಿ ಹೊಡೆಯಬೇಡಿರೆಂದು ಮಾರ್ಚಿನಲ್ಲಿ ಹೇಳಿದ್ದಕ್ಕಿಂತ, ನೀರು ಮುಟ್ಟಬೇಡಿರೆಂದು ಡಿಸೆಂಬರಿನಲ್ಲಿ ಹೇಳಿದ್ದು ಹೆಚ್ಚಿನ ಧೈರ್ಯವೆಂದು ನಾವು ಎಣಿಸುತ್ತೇವೆ.

ಪ್ರತಿಬಂಧಕಾಜ್ಞೆಯು 1928ರ ಫೆಬ್ರವರಿ 23ರಂದು ತೆರವಾಯಿತು. ದಾವೆಯು ಮಾತ್ರ ನಡೆಯುತ್ತಲೇ ಇದ್ದಿತು. ವಾದಿಗಳು ಎರಡು ಮಾತುಗಳನ್ನು ಹೇಳಿದರು: ಕೆರೆಯು ಖಾಸಗಿಯದೆಂಬುದು ಒಂದು, ಅಸ್ಪೃಶ್ಯರನ್ನು ದೂರವಿಡುವುದು ಅನಾದಿಯಿಂದ ಬಂದ ರೂಢಿಯೆಂಬುದು ಇನ್ನೊಂದು. ಕಾನೂನಿನ ಬಲವನ್ನು ಪಡೆಯಬೇಕಾದ ರೂಢಿಯು ಪುರಾತನವೂ ನಿಶ್ಚಿತವೂ ಅವಿಚ್ಛಿನ್ನವೂ ಆಗಿರಬೇಕು. ಹಾಗಿದೆಯೆಂದು ತೋರಿಸುವ ಭಾರವು ಅದನ್ನು ಹೇಳುವವನ ಮೇಲಿರುತ್ತದೆ. ಈ ಬಿಂದುವಿನ ಮೇಲೆಯೇ ದಾವೆಯು ನಿಂತಿತು. ಮಹಾಡದ ಕೋರ್ಟು 1931ರ ಜೂನ್ 8ರಂದು ವಾದಿಗಳ ವಿರುದ್ಧವಾಗಿ ತೀರ್ಪು ಕೊಟ್ಟಿತು. ಠಾಣೆಯ ಕೋರ್ಟು 1933ರಲ್ಲಿ ಅಪೀಲನ್ನು ತಳ್ಳಿಹಾಕಿತು. ಅವರು ಹೈಕೋರ್ಟಿಗೂ ಹೋದರು.

ಈ ನಡುವೆ ಪ್ರತಿವಾದಿಗಳು ಸುಮ್ಮನೆ ಕುಳಿತಿರಲಿಲ್ಲ. ಅಸ್ಪೃಶ್ಯರ ಕಷ್ಟಗಳನ್ನು ವಿಚಾರಿಸಲು ಸರ್ಕಾರವು ನೇಮಿಸಿದ ಸಮಿತಿಯ ಸದಸ್ಯರಾಗಿ 1929ರಲ್ಲಿ ಚಾಳೀಸಗಾಂವಕ್ಕೆ ಹೋದಾಗ, ಅಲ್ಲಿಯ ಟಾಂಗಾ ಹೊಡೆಯುವವರು ಅಸ್ಪೃಶ್ಯನನ್ನು ಕೂರಿಸಿ ಹೊಡೆಯಲೊಪ್ಪಲಿಲ್ಲ. ಅಭ್ಯಾಸವಿಲ್ಲದ ಮಹಾರನೊಬ್ಬನು ಹೊಡೆದ ಗಾಡಿಯು ಸೇತುವೆಯ ಮೇಲೆ ಅಪಘಾತಕ್ಕೀಡಾಗಿ, ಅಂಬೇಡಕರರು ಬಿದ್ದು ಕಾಲಿಗೆ ಪೆಟ್ಟು ತಿಂದರು. ಮರುವರ್ಷ ಅವರು ದುಂಡುಮೇಜಿನ ಪರಿಷತ್ತಿಗಾಗಿ ಲಂಡನ್ನಿಗೆ ಹೋದರು. 1932ರ ಸೆಪ್ಟೆಂಬರಿನಲ್ಲಿ ಪುಣೆಯ ಒಪ್ಪಂದವಾಯಿತು. ಆ ಕಾಲದಲ್ಲಿ ಮಹಾತ್ಮಾಜಿಯವರಿಗೂ ಇವರಿಗೂ ತೀವ್ರವಾದ ಮತಭೇದವಿದ್ದಿತು. ರಾಷ್ಟ್ರೀಯ ಪತ್ರಿಕೆಗಳು ಅನೇಕವು ಇವರನ್ನು ಕಟುವಾಗಿ ಟೀಕಿಸಿದುವು. ಸ್ವರಾಜ್ಯದಲ್ಲಿ ತನಗೆ ಊರ ಕೆರೆಯ ನೀರು ಸಿಕ್ಕುವುದೇ ಎಂದು ಒಬ್ಬನು ಕೇಳಿದರೆ, ಅವನನ್ನು ದೇಶದ್ರೋಹಿಯೆನ್ನುವುದು ಉತ್ತರವಾಗುವುದಿಲ್ಲ. ಇದನ್ನು ನಮ್ಮ ವೃತ್ತಿಯವರು ಒಪ್ಪಿಕೊಳ್ಳುವುದೇ ಮರ್ಯಾದೆ.

ಕಡೆಗೆ 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಬ್ರೂಮ್‌ಫೀಲ್ಡ್ ಮತ್ತು ನ್ಯಾಯಮೂರ್ತಿ ಎನ್. ಜೆ. ವಾಡಿಯಾ ಅವರು ಅಪೀಲನ್ನು ವಜಾ ಮಾಡಿದರು. 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಯವರಿಗೆ ಆರು ವರ್ಷಗಳ ಶಿಕ್ಷೆ ವಿಧಿಸಿದ ಬ್ರೂಮ್‌ಫೀಲ್ಡರೇ ಇವರು. ಕೆರೆಯು ಪುರಸಭೆಯದು, ಅಸ್ಪೃಶ್ಯರನ್ನು ದೂರವಿಡುವ ಅನಾದಿ ರೂಢಿಯು ಸಿದ್ಧವಾಗಿಲ್ಲ, ಆದಕಾರಣ ವಾದಿಗಳಿಗೆ ಪರಿಹಾರವಿಲ್ಲ ಎಂಬುದು ತೀರ್ಪಿನ ತಾತ್ಪರ್ಯ. ದಾವೆ ಹೂಡಿ ಒಂಬತ್ತು ವರ್ಷ ಮೂರು ತಿಂಗಳಾಗಿದ್ದುವು.

ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ರೂಢಿಯು ಸಿದ್ಧವಾಗಲಿಲ್ಲವೆಂದು ಹೈಕೋರ್ಟು ಹೇಳಿತು. ಅಂತಹ ರೂಢಿಯೇ ಅನ್ಯಾಯವೆಂದು ಹೇಳಿದುದಲ್ಲ. ಇನ್ನೊಂದು ಊರಿನವರು ಹಳೆಯ ದಾಖಲೆಗಳನ್ನೂ ಮುದುಕರ ಸಾಕ್ಷ್ಯವನ್ನೂ ತಂದು ರೂಢಿಯನ್ನು ಸ್ಥಾಪಿಸಿದ್ದರೆ ಅಲ್ಲಿಯ ಅಸ್ಪೃಶ್ಯರು ಸೋಲಬಹುದಾಗಿದ್ದಿತು. ಹೀಗೆ ಒಂದೊಂದು ಕೆರೆಗೆ ಹತ್ತು ಹತ್ತು ವರ್ಷ ವ್ಯಾಜ್ಯವಾಡುವುದಾದರೆ ದೇಶದ ಕೆರೆಬಾವಿಗಳಿಗೆಲ್ಲ ಎಷ್ಟು ಶತಮಾನಗಳು ಬೇಕು?

ಇದಕ್ಕೆ ಉತ್ತರವು ಇನ್ನು ಹನ್ನೆರಡು ವರ್ಷಗಳಲ್ಲಿ ಬಂದಿತು. 1947ರಲ್ಲಿ ಸ್ವತಂತ್ರ ಭಾರತದ ಕಾನೂನು ಮಂತ್ರಿಗಳೂ ರಾಜ್ಯಾಂಗದ ಕರಡು ಸಮಿತಿಯ ಅಧ್ಯಕ್ಷರೂ ಆದವರು ಮಹಾಡದ ಪ್ರತಿವಾದಿಯೇ. 1949ರ ನವೆಂಬರ್ 26ರಂದು ಸ್ವೀಕೃತವಾದ ರಾಜ್ಯಾಂಗದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡಿತು. 15ನೆಯ ವಿಧಿಯನ್ನು ತೆರೆದು ನೋಡಿದರೆ, ರಾಜ್ಯದ ಹಣದಿಂದ ನಡೆಯುವ ಅಥವಾ ಸಾರ್ವಜನಿಕರಿಗಾಗಿ ಬಿಟ್ಟಿರುವ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಹೆಸರುಗಳು ಅಲ್ಲಿ ಬಿಡಿಬಿಡಿಯಾಗಿ ಬರೆಯಲ್ಪಟ್ಟಿವೆ. ಒಂದು ಮಹಾರಾಷ್ಟ್ರದ ರಾಜ್ಯಾಂಗದಲ್ಲಿ ಬಾವಿಕೆರೆಗಳ ಪ್ರಸ್ತಾಪವೇಕೆಂದು ಆಶ್ಚರ್ಯಪಡುವವರು ಚವದಾರ ಕೆರೆಯನ್ನು ನೆನೆಯಬೇಕು. ಅಂತಹ ರೂಢಿಯು ಎಷ್ಟು ಪುರಾತನವಾದರೂ ಇನ್ನು ಮುಂದೆ ಅದಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲವಾಯಿತು. ಹಕ್ಕಿಗೆ ಭಂಗ ಬಂದಾಗ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗುವ ಅವಕಾಶವನ್ನು ಕೊಟ್ಟ 32ನೆಯ ವಿಧಿಯನ್ನು ಅವರು ರಾಜ್ಯಾಂಗದ ಹೃದಯವೆಂದೇ ಭಾವಿಸಿದ್ದರು. ಪರಿಹಾರವಿಲ್ಲದ ಹಕ್ಕು ಎಷ್ಟರದೆಂಬುದನ್ನು 1924ರ ಪುರಸಭೆಯ ನಿರ್ಣಯವು ಅವರಿಗೆ ತೋರಿಸಿಕೊಟ್ಟಿದ್ದಿತು.

ಹಿಂದೂ ಸಂಹಿತೆಯ ಮಸೂದೆಯು ನಿಂತುಹೋದ ಕಾರಣ 1951ರಲ್ಲಿ ಅವರು ಮಂತ್ರಿಪದವಿಯನ್ನು ಬಿಟ್ಟರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧಧರ್ಮವನ್ನು ಸ್ವೀಕರಿಸಿ, ಅದೇ ವರ್ಷ ಡಿಸೆಂಬರ್ 6ರಂದು ದಿಲ್ಲಿಯಲ್ಲಿ ಕಾಲವಾದರು.

ಅವರ ಪ್ರತಿಮೆಗಳು ಈಗ ಊರೂರಿನಲ್ಲಿಯೂ ಇವೆ. ಬಾವಿಯ ಬಳಿ, ನಲ್ಲಿಯ ಬಳಿ ಜಾತಿಯನ್ನು ಕೇಳುವ ಪದ್ಧತಿಯು ಪೂರ್ಣವಾಗಿ ಅಳಿದಿದೆಯೆಂದು ಯಾರೂ ಎದೆಮುಟ್ಟಿ ಹೇಳಲಾರರು. ಈ ಪತ್ರಿಕೆಯನ್ನು ಓದುವವರಲ್ಲಿ ವಕೀಲರುಂಟು, ಪುರಸಭೆಯ ಸದಸ್ಯರುಂಟು, ಅಧಿಕಾರಿಗಳುಂಟು. ಅಂಬೇಡಕರರಷ್ಟು ವಿದ್ಯೆಯನ್ನಾಗಲಿ ಧೈರ್ಯವನ್ನಾಗಲಿ ನಾವು ಅವರಿಂದ ಬೇಡುವುದಿಲ್ಲ. ಮಹಾಡದ ಪುರಸಭೆಯು ನಿರ್ಣಯ ಮಾಡಿದ ದಿನವೇ ಅದರ ಒಬ್ಬ ಅಧಿಕಾರಿಯು ಕೆರೆಯ ದಡದಲ್ಲಿ ನಿಂತು, ಬಂದವರಿಗೆ ದಾರಿ ಬಿಡಿಸಿದ್ದರೆ, ಹಲ್ಲೆಯೂ ಇರುತ್ತಿರಲಿಲ್ಲ, ಹತ್ತು ವರ್ಷದ ದಾವೆಯೂ ಇರುತ್ತಿರಲಿಲ್ಲ. ತಮ್ಮ ಮೇಜಿನ ಮೇಲಿರುವ ಅಂತಹ ಆಜ್ಞೆಯೊಂದನ್ನು ಕಾಗದದಿಂದ ಕೆರೆಯ ದಡಕ್ಕೆ ಒಯ್ಯುವವರು ಯಾರೇ ಆಗಲಿ, ಆ ಪ್ರತಿವಾದಿಯ ವಕಾಲತ್ತನ್ನು ವಹಿಸಿದಂತೆಯೇ ಸರಿ.