ಸುದ್ದಿಗಿಂತ ಮೊದಲು ತಲುಪಬೇಕಾದ ಮಾತು

ನೌಕರನನ್ನು ವಜಾ ಮಾಡುವ ಆದೇಶಕ್ಕೆ ರುಜು ಹಾಕುವುದು ಒಂದು ಕೆಲಸ. ಅದನ್ನು ಅವನಿಗೆ ತಿಳಿಸುವುದು ಇನ್ನೊಂದು. ಮೊದಲನೆಯದನ್ನು ಸರ್ಕಾರಿ ಸೇವೆಯಲ್ಲಿ ನಿಯಮಗಳೇ ನನಗೆ ಕಲಿಸಿದವು. ಎರಡನೆಯದರ ಬಗ್ಗೆ ಯೋಚಿಸಿದಾಗಲೆಲ್ಲ ಅಮೆರಿಕದ ಅಧ್ಯಕ್ಷರಾಗಿದ್ದ ಹ್ಯಾರಿ ಟ್ರೂಮನ್ ನೆನಪಾಗುತ್ತಾರೆ.

1884ರಲ್ಲಿ ಮಿಸ್ಸೌರಿ ರಾಜ್ಯದ ರೈತ ಕುಟುಂಬದಲ್ಲಿ ಹುಟ್ಟಿದ ಟ್ರೂಮನ್ ಕಾಲೇಜು ಪದವಿ ಪಡೆದವರಲ್ಲ. ಮೊದಲ ಮಹಾಯುದ್ಧದಿಂದ ಮರಳಿದ ಮೇಲೆ ಗೆಳೆಯನೊಡನೆ ಕಾನ್ಸಾಸ್ ಸಿಟಿಯಲ್ಲಿ ಗಂಡಸರ ಉಡುಪಿನ ಅಂಗಡಿ ತೆರೆದರು. 1922ರಲ್ಲಿ ಅಂಗಡಿ ಮುಚ್ಚಿತು. ಆದರೂ ಅವರು ದಿವಾಳಿ ಘೋಷಿಸಿಕೊಳ್ಳದೆ ವರ್ಷಗಟ್ಟಲೆ ಸಾಲ ತೀರಿಸಿದರು. 1945ರ ಏಪ್ರಿಲ್‌ನಲ್ಲಿ ರೂಸ್‌ವೆಲ್ಟ್ ನಿಧನರಾದಾಗ ಉಪಾಧ್ಯಕ್ಷರಾಗಿದ್ದ ಅವರ ಹೆಗಲಿಗೆ ದೇಶದ ಹೊಣೆ ಬಿತ್ತು.

ಕೊರಿಯಾ ಯುದ್ಧದಲ್ಲಿ ಜನರಲ್ ಡಗ್ಲಸ್ ಮೆಕಾರ್ಥರ್ ಸರ್ಕಾರದ ನೀತಿಯನ್ನು ಬಹಿರಂಗವಾಗಿ ವಿರೋಧಿಸತೊಡಗಿದರು. ಯುದ್ಧವೀರನೆಂದು ಜನ ಆರಾಧಿಸುತ್ತಿದ್ದ ಸೇನಾನಿ ಅವರು. ಟ್ರೂಮನ್ ಆತುರಪಡಲಿಲ್ಲ. ಹಿರಿಯ ಸಚಿವರೊಡನೆ ಸಮಾಲೋಚಿಸಿದರು, ಸೇನಾ ಮುಖ್ಯಸ್ಥರ ಅಭಿಪ್ರಾಯ ಪಡೆದರು, ಆಮೇಲೆ ಪದಚ್ಯುತಿಯ ತೀರ್ಮಾನ ಕೈಗೊಂಡರು. ಚುನಾಯಿತ ಸರ್ಕಾರಕ್ಕೆ ಸೇನೆ ಅಧೀನವೆಂಬ ತತ್ತ್ವಕ್ಕೆ ಅದು ಅನಿವಾರ್ಯವಾಗಿತ್ತು.

ಆಗ ಕೊರಿಯಾದಲ್ಲಿದ್ದ ಭೂಸೇನಾ ಕಾರ್ಯದರ್ಶಿ ಫ್ರಾಂಕ್ ಪೇಸ್ ಟೋಕಿಯೋಗೆ ಹೋಗಿ, ಆದೇಶವನ್ನು ಮೆಕಾರ್ಥರ್ ಅವರ ಕೈಗೇ ಕೊಡಬೇಕೆಂಬುದು ಯೋಜನೆ. ಆದರೆ ಪೇಸ್‌ಗೆ ಸಂದೇಶ ಸಕಾಲಕ್ಕೆ ತಲುಪಲಿಲ್ಲ. ಅಷ್ಟರಲ್ಲಿ, ಪತ್ರಿಕೆಯೊಂದಕ್ಕೆ ಸುದ್ದಿ ಸಿಕ್ಕಿದೆಯೆಂಬ ವದಂತಿ ಹಬ್ಬಿತು. 1951ರ ಏಪ್ರಿಲ್ 11ರ ನಡುರಾತ್ರಿ ಒಂದು ಗಂಟೆಗೆ ಶ್ವೇತಭವನ ತರಾತುರಿಯಲ್ಲಿ ಪ್ರಕಟಣೆ ಹೊರಡಿಸಿತು. ಟೋಕಿಯೋದಲ್ಲಿ ಆಗ ಮಧ್ಯಾಹ್ನ. ಸಹಾಯಕನೊಬ್ಬ ರೇಡಿಯೋದಲ್ಲಿ ಕೇಳಿದ ಸುದ್ದಿಯನ್ನು ಅತಿಥಿಗಳೊಡನೆ ಊಟಕ್ಕೆ ಕುಳಿತಿದ್ದ ಜನರಲ್‌ಗೆ ಪತ್ನಿಯೇ ತಿಳಿಸಬೇಕಾಯಿತು.

ದೇಶದಲ್ಲಿ ಆಕ್ರೋಶ ಭುಗಿಲೆದ್ದಿತು. ಸೆನೆಟ್ ವಿಚಾರಣೆಯಲ್ಲಿ ಸೇನಾ ಮುಖ್ಯಸ್ಥರು ತೀರ್ಮಾನವನ್ನು ಸಮರ್ಥಿಸಿದರು. ಇತಿಹಾಸಕಾರರಲ್ಲಿ ಹೆಚ್ಚಿನವರೂ ಅದನ್ನು ಒಪ್ಪಿದ್ದಾರೆ. 1972ರಲ್ಲಿ ತೀರಿಕೊಳ್ಳುವವರೆಗೂ ಟ್ರೂಮನ್ ಆ ಹೊಣೆಯನ್ನು ಬೇರೆಯವರ ಮೇಲೆ ಹೊರಿಸಲಿಲ್ಲ. ಆದರೆ ತಿಳಿಸಿದ ರೀತಿಯನ್ನು ಯಾರೂ ಸಮರ್ಥಿಸಲಾರರು.

ನಾನೂ ಆ ತಪ್ಪು ಮಾಡಿದವನೇ. ಇಲಾಖಾ ವಿಚಾರಣೆಯಲ್ಲಿ ಆರೋಪ ಸಾಬೀತಾದ ಗುಮಾಸ್ತರೊಬ್ಬರ ವಜಾ ಆದೇಶವನ್ನು ಮುದ್ದಾಂ ಮೂಲಕ ಕಳುಹಿಸಿ ಕೈತೊಳೆದುಕೊಂಡಿದ್ದೆ. ಆದೇಶ ಅವರ ಮೇಜು ಸೇರುವ ಮುನ್ನವೇ ಸುದ್ದಿ ಕ್ಯಾಂಟೀನ್ ತಲುಪಿತ್ತು. ಸಂಜೆ ನನ್ನ ಕೊಠಡಿಗೆ ಬಂದ ಅವರು ಶಿಕ್ಷೆಯ ಬಗ್ಗೆ ತಕರಾರು ತೆಗೆಯಲಿಲ್ಲ. ತಾವೇ ಕರೆದು ಹೇಳಬಹುದಿತ್ತಲ್ಲವೇ ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಸಂವಿಧಾನದ 311ನೇ ವಿಧಿ ಸರ್ಕಾರಿ ನೌಕರನಿಗೆ ವಜಾಕ್ಕೆ ಮುಂಚೆ ತನ್ನ ವಾದ ಮಂಡಿಸುವ ಅವಕಾಶ ಕೊಡುತ್ತದೆ. ಅಂತಿಮ ತೀರ್ಮಾನವನ್ನು ಎದುರು ಕೂರಿಸಿಕೊಂಡು ತಿಳಿಸಬೇಕೆಂದು ಅದು ಹೇಳುವುದಿಲ್ಲ. ರುಜು ಹಾಕಿದವರೇ ಕರೆದು, ಬಾಗಿಲು ಮುಚ್ಚಿ, ಕಾರಣವನ್ನು ನೇರವಾಗಿ ಹೇಳಿ, ಬರಬೇಕಾದ ಬಾಕಿ ಮತ್ತು ಮೇಲ್ಮನವಿಯ ದಾರಿ ವಿವರಿಸಿ, ಎದುರಿನವರ ಮಾತನ್ನು ತಾಳ್ಮೆಯಿಂದ ಕೇಳುವುದಕ್ಕೆ ಕಾಲು ಗಂಟೆ ಸಾಕು. ಆ ಗುಮಾಸ್ತರ ನಂತರ ನಾನು ಅಂಥ ಯಾವ ಆದೇಶವನ್ನೂ ಮುದ್ದಾಂ ಕೈಯಲ್ಲಿ ಕಳುಹಿಸಲಿಲ್ಲ.