ಕವಿಚಕ್ರವರ್ತಿ ಜನ್ನ

ಕನ್ನಡದಲ್ಲಿ ಪೊನ್ನ, ರನ್ನ, ಜನ್ನ ಈ ಮೂವರಿಗೆ ಕವಿಚಕ್ರವರ್ತಿ ಎಂಬ ಬಿರುದು ಇದೆ. ರನ್ನ ನಮ್ಮ ಕಡೆ ಮುಧೋಳದವನು, ಎಲ್ಲರಿಗೂ ಗೊತ್ತು. ಆದರೆ ಜನ್ನ ಯಾರು ಅಂತ ಕೇಳಿದರೆ ಬಹಳ ಮಂದಿ ಸುಮ್ಮನಾಗುತ್ತಾರೆ. ಅದಕ್ಕೇ ಈ ಸಲ ಅವನ ಬಗ್ಗೆ ಬರೆದಿದ್ದೇನೆ.

ಜನ್ನನು ಹೊಯ್ಸಳರ ಕಾಲದವನು. ಅವರ ರಾಜಧಾನಿ ದ್ವಾರಸಮುದ್ರ, ಅಂದರೆ ಈಗಿನ ಹಾಸನ ಜಿಲ್ಲೆಯ ಹಳೇಬೀಡು. ತಂದೆ ಶಂಕರ, ತಾಯಿ ಗಂಗಾದೇವಿ. ಶಬ್ದಮಣಿದರ್ಪಣ ಎಂಬ ವ್ಯಾಕರಣ ಬರೆದ ಕೇಶಿರಾಜನು ಇವನ ಸೋದರಳಿಯ. ಜನ್ನನಿಗೆ ಬಿರುದು ಕೊಟ್ಟವನು ವೀರಬಲ್ಲಾಳ ರಾಜ. ಜನ್ನ ಬರೇ ಕವಿ ಅಲ್ಲ, ಮಂತ್ರಿಯೂ ಹೌದು, ದಂಡನಾಯಕನೂ ಹೌದು. ಕತ್ತಿ ಹಿಡಿದ ಕೈಯಿಂದಲೇ ಅಹಿಂಸೆಯ ಕಾವ್ಯ ಬರೆದನು!

ಆ ಕಾವ್ಯವೇ ಯಶೋಧರ ಚರಿತೆ. ಬರೆದದ್ದು 1209ರಲ್ಲಿ. ನಮ್ಮ ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿ ಕಟ್ಟಿದ್ದು 1204ರಲ್ಲಿ. ಅಂದರೆ ಎರಡೂ ಒಂದೇ ಕಾಲದವು. ಬಸದಿ ನೋಡಿದವರು ಜನ್ನನ ಕಾಲ ನೋಡಿದ ಹಾಗೆಯೇ.

ಕಥೆ ಓದಿದರೆ ಮೈ ಜುಂ ಅನ್ನುತ್ತದೆ. ಉಜ್ಜಯಿನಿಯ ರಾಜ ಯಶೋಧರ. ಅವನ ರಾಣಿ ಅಮೃತಮತಿ ಬಹಳ ಚೆಲುವೆ. ಆದರೆ ಹಗಲು ಒಂದು, ರಾತ್ರಿ ಒಂದು. ಮಾವುತನ ಹಾಡಿಗೆ ಮನಸೋತು ಕದ್ದು ಅವನ ಹತ್ತಿರ ಹೋಗುತ್ತಿದ್ದಳು. ರಾಜ ಅದನ್ನು ಕಣ್ಣಾರೆ ಕಂಡನು. ಸಿಟ್ಟಿನಿಂದ ಕತ್ತಿ ಎತ್ತಿದರೂ ತಡೆದುಕೊಂಡನು. ತಾಯಿಯ ಮುಂದೆ ಮಾತ್ರ ಕೆಟ್ಟ ಕನಸು ಬಿತ್ತು ಅಂತ ಸುಳ್ಳು ಹೇಳಿದನು. ಕನಸಿನ ದೋಷ ಹೋಗಲು ದೇವಿಗೆ ಬಲಿ ಕೊಡು ಎಂದು ತಾಯಿ ಹಟ ಹಿಡಿದಳು. ಜೀವ ಕೊಲ್ಲಲಾರೆ ಎಂದು ರಾಜ ಅಂದಾಗ ಹಿಟ್ಟಿನ ಕೋಳಿಯನ್ನಾದರೂ ಕಡಿ ಅಂದಳು. ಅವನು ಒಪ್ಪಿ ಕಡಿದನು. ಆಗ ಆ ಹಿಟ್ಟಿನ ಕೋಳಿ ಕೂಗಿತು!

ಮುಂದೆ ರಾಣಿ ವಿಷ ಹಾಕಿ ಗಂಡನನ್ನೂ ಅತ್ತೆಯನ್ನೂ ಕೊಂದಳು. ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಮೊಸಳೆ ಹೀಗೆ ಹಲವು ಜನ್ಮ ಎತ್ತಿ ಸಂಕಟಪಟ್ಟರು. ಕೊನೆಗೆ ಅಭಯರುಚಿ, ಅಭಯಮತಿ ಎಂಬ ಅಣ್ಣ ತಂಗಿ ಆಗಿ ಹುಟ್ಟಿದರು. ಮಾರಿದತ್ತ ಎಂಬ ರಾಜ ಅವರನ್ನೇ ನರಬಲಿ ಕೊಡಲು ತರಿಸಿದಾಗ ಅಭಯರುಚಿ ಹೆದರದೆ ಈ ಕಥೆ ಹೇಳಿದನು. ಕೇಳಿದ ರಾಜ ಬಲಿ ಕೊಡುವುದನ್ನೇ ಬಿಟ್ಟನು.

ಹಿಟ್ಟಿಗೆ ಜೀವ ಇಲ್ಲ, ರಕ್ತ ಬರಲಿಲ್ಲ, ಮತ್ತೆ ಪಾಪ ಯಾಕ ಬಂತು? ಕಡಿಯುವಾಗ ಮನಸ್ಸಿನಲ್ಲಿ ಕೋಳಿಯೇ ಇತ್ತು. ಕೈ ಶುದ್ಧ, ಮನಸ್ಸು ಹೊಲಸು. ರಾಣಿಯದು ಮುಖ ಚಂದ, ಒಳಗೆ ವಿಷ. ಇಂಗ್ಲಿಷಿನಲ್ಲಿ ಆಸ್ಕರ್ ವೈಲ್ಡ್ ಎಂಬುವನು 1891ರಲ್ಲಿ ಒಂದು ಕಾದಂಬರಿ ಪ್ರಕಟಿಸಿದನು. ಅದರಲ್ಲಿ ಒಬ್ಬ ಚೆಲುವ ಎಷ್ಟು ಪಾಪ ಮಾಡಿದರೂ ಮುಖ ಕೆಡುವುದಿಲ್ಲ, ಅವನ ಚಿತ್ರಪಟ ಮಾತ್ರ ವಿಕಾರ ಆಗುತ್ತದೆ. ನಮ್ಮ ಜನ್ನ ಇಂಥ ಮಾತನ್ನು ಅದಕ್ಕಿಂತ ಸುಮಾರು 680 ವರ್ಷ ಮೊದಲೇ ಹೇಳಿದ್ದನು.

1230ರಲ್ಲಿ ಜನ್ನ ಅನಂತನಾಥ ಪುರಾಣ ಬರೆದನು. ಗಿರೀಶ ಕಾರ್ನಾಡರ ಹಿಟ್ಟಿನ ಹುಂಜ ನಾಟಕ ಯಶೋಧರನ ಕಥೆಯದೇ.

ನಮ್ಮ ರಾಜ್ಯದಲ್ಲಿ ದೇವಸ್ಥಾನದಲ್ಲಿ ಪ್ರಾಣಿಬಲಿ ಕೊಡಬಾರದೆಂದು 1959ರಲ್ಲಿ ಕಾನೂನು ಮಾಡಿದರು. ಜನ್ನನ ಕಾವ್ಯಕ್ಕೂ ಕಾನೂನಿಗೂ ನಡುವೆ ಸರಿಯಾಗಿ 750 ವರ್ಷ. ಆದರೆ ಕಾನೂನು ಕೈ ಹಿಡಿಯಬಹುದು, ಮನಸ್ಸು ಹಿಡಿಯಲು ಆಗುವುದಿಲ್ಲ. ಅದನ್ನು ನಾವೇ ಹಿಡಿಯಬೇಕು. ಗೆಳೆಯರೇ, ಗುರುಗಳ ಮುಂದೆ ಒಂದು, ಹಿಂದೆ ಒಂದು ಇರುವಾಗ ಹಿಟ್ಟಿನ ಕೋಳಿ ನೆನಪಿಡಿರಿ. ಅದು ಕೂಗುತ್ತದೆ.

— 7ನೇ ತರಗತಿ ವಿದ್ಯಾರ್ಥಿ, ಕಾಕತಿ