ನೀರನ್ನು ತುಳಿಯದ ಸಂತರು

ಅಸ್ಸಿಸಿಯ ಸಂತ ಫ್ರಾನ್ಸಿಸ್ ಎಂದೊಡನೆ ಹಕ್ಕಿಗಳಿಗೆ ಬೋಧಿಸುವ, ತೋಳವನ್ನು ಸಾಧುವಾಗಿಸುವ ಯತಿಯೊಬ್ಬರ ಚಿತ್ರ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಕ್ರಿಸ್‌ಮಸ್ ಕಾಲದಲ್ಲಿ ಗೋದಲಿ ಕಟ್ಟುವಾಗಲೂ ನಾವು ಅವರನ್ನು ನೆನೆಯುತ್ತೇವೆ. ಆದರೆ ನೀರಿನೊಡನೆ ಅವರಿಗಿದ್ದ ನಂಟನ್ನು ಸ್ಮರಿಸುವವರು ನಮ್ಮಲ್ಲಿ ವಿರಳ.

ಇಟಲಿ ದೇಶದ ಅಸ್ಸಿಸಿ ಪಟ್ಟಣದಲ್ಲಿ ಪಿಯೆತ್ರೊ ಬೆರ್ನಾರ್ದೊನೆ ಎಂಬ ಸಿರಿವಂತ ಬಟ್ಟೆ ವ್ಯಾಪಾರಿಯ ಮಗನಾಗಿ ಅವರು ಜನಿಸಿದ್ದು ಸುಮಾರು 1181ರಲ್ಲಿ. ಅವರು ಜ್ಞಾನಸ್ನಾನ ಪಡೆದರೆಂದು ಪರಂಪರೆ ಹೇಳುವ ಕಲ್ಲಿನ ತೊಟ್ಟಿ ಅಲ್ಲಿನ ಸಂತ ರುಫಿನೋರ ಪ್ರಧಾನಾಲಯದಲ್ಲಿ ಇಂದಿಗೂ ಇದೆ. ಯೌವನದಲ್ಲಿ ಹಾಡು, ಔತಣ, ಯುದ್ಧದ ಕೀರ್ತಿ ಇವುಗಳ ಮೋಹ ಅವರಿಗಿತ್ತು. ಮನಃಪರಿವರ್ತನೆಯ ದಿನಗಳಲ್ಲಿ, ತಾವು ಒಮ್ಮೆ ಮೂಗು ಮುಚ್ಚಿಕೊಂಡು ದೂರ ಸರಿಯುತ್ತಿದ್ದ ಕುಷ್ಠರೋಗಿಗಳ ಬಳಿಗೇ ಹೋಗಿ, ಅವರ ಮೈಯನ್ನೂ ಕೀವು ತುಂಬಿದ ಹುಣ್ಣುಗಳನ್ನೂ ಕೈಯಾರೆ ತೊಳೆದರು. 1206ರಲ್ಲಿ ಧರ್ಮಾಧ್ಯಕ್ಷರ ಸಮ್ಮುಖದಲ್ಲಿ ಉಟ್ಟ ಬಟ್ಟೆಯನ್ನೂ ತಂದೆಗೆ ಹಿಂತಿರುಗಿಸಿ ಬಡತನವನ್ನು ವರಿಸಿದರು. ಮೊದಲ ಸಹೋದರರೊಡನೆ ಅವರು ವಾಸಿಸಿದ ಗುಡಿಸಲು ರಿವೊತೋರ್ತೊ ಎಂಬಲ್ಲಿತ್ತು. ವಕ್ರವಾಗಿ ಹರಿಯುವ ತೊರೆ ಎಂಬುದೇ ಆ ಹೆಸರಿನ ಅರ್ಥ.

ಅವರ ಒಡನಾಡಿಗಳ ನೆನಪುಗಳನ್ನು ಆಧರಿಸಿದ ಪ್ರಾಚೀನ ಗ್ರಂಥವೊಂದರಲ್ಲಿ ಪುಟ್ಟ ಸಂಗತಿಯೊಂದು ಬರುತ್ತದೆ. ಕೈ ತೊಳೆಯುವಾಗ ಫ್ರಾನ್ಸಿಸರು, ಕೈಯಿಂದ ಜಾರಿದ ನೀರು ತಮ್ಮ ಕಾಲ್ತುಳಿತಕ್ಕೆ ಸಿಕ್ಕದಂಥ ಜಾಗವನ್ನು ಹುಡುಕಿ ನಿಲ್ಲುತ್ತಿದ್ದರಂತೆ. ಆತ್ಮದ ಮೊದಲ ಶುದ್ಧಿ ಜ್ಞಾನಸ್ನಾನದ ನೀರಿನಿಂದಲೇ ಆಗುವುದರಿಂದ ಅದನ್ನು ತುಳಿಯಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಅವರ ದೊಡ್ಡ ಪವಾಡಗಳಿಗಿಂತ ಈ ಸಣ್ಣ ನಡತೆಯೇ ನಮ್ಮನ್ನು ಹೆಚ್ಚು ಕಾಡುತ್ತದೆ. ದೇವಾಲಯದ ಬಾಗಿಲಲ್ಲಿ ತೀರ್ಥಕ್ಕೆ ಬೆರಳದ್ದಿ ಭಕ್ತಿಯಿಂದ ಶಿಲುಬೆಯ ಗುರುತು ಹಾಕಿಕೊಳ್ಳುವ ನಾವು, ಮನೆಯ ನಲ್ಲಿಯಲ್ಲಿ ಬರುವ ನೀರನ್ನು ಬೇರೆಯೇ ವಸ್ತುವೆಂಬಂತೆ ಚರಂಡಿಗೆ ಬಿಡುತ್ತೇವೆ. ಹಿರಿಯರು ತೋಡಿದ ಬಾವಿಗೆ ಕಸ ಸುರಿಯುವಾಗಲೂ ನಮಗೆ ಪಾಪಪ್ರಜ್ಞೆ ಹುಟ್ಟುವುದಿಲ್ಲ. ಫ್ರಾನ್ಸಿಸರಿಗೆ ತೀರ್ಥದ ಬಟ್ಟಲಿನ ನೀರಿಗೂ ಕೈ ತೊಳೆದ ನೀರಿಗೂ ನಡುವೆ ಅಂಥ ಗೋಡೆ ಇರಲಿಲ್ಲ.

ಲಾ ವೆರ್ನಾ ಬೆಟ್ಟವನ್ನು ಏರುವಾಗ ನಡೆದುದೆಂದು ಹೇಳಲಾಗುವ ಘಟನೆಯೂ ಉಂಟು. ದುರ್ಬಲರಾಗಿದ್ದ ಸಂತರಿಗೆ ತನ್ನ ಕತ್ತೆಯನ್ನು ಕೊಟ್ಟು ಜೊತೆಯಲ್ಲಿ ನಡೆದು ಬಂದ ರೈತ ಬಾಯಾರಿ ಕಂಗೆಟ್ಟನು. ಸಂತರು ಮೊಣಕಾಲೂರಿ ಪ್ರಾರ್ಥಿಸಲು ಬಂಡೆಯಿಂದ ನೀರು ಚಿಮ್ಮಿತು. ನೀರು ದೊರೆತದ್ದು ಸಂತರ ದಾಹಕ್ಕಲ್ಲ, ಬಡ ರೈತನ ದಾಹಕ್ಕೆ ಎಂಬುದನ್ನು ಗಮನಿಸಬೇಕು. ಅದೇ ಬೆಟ್ಟದಲ್ಲಿ 1224ರ ಸೆಪ್ಟೆಂಬರಿನಲ್ಲಿ ಅವರ ದೇಹದಲ್ಲಿ ಪ್ರಭುವಿನ ಪಂಚಗಾಯಗಳು ಮೂಡಿದವು.

1219ರಲ್ಲಿ ಈಜಿಪ್ಟಿಗೆ ಹೋಗಿ ಸುಲ್ತಾನ್ ಅಲ್-ಕಾಮಿಲನನ್ನು ಕಂಡು ಬಂದಿದ್ದ ಅವರಿಗೆ ಕಣ್ಣಿನ ವ್ಯಾಧಿ ತಗಲಿತ್ತು. ಅದು ಉಲ್ಬಣಿಸಿದಾಗ ಅಸ್ಸಿಸಿಯ ಸಂತ ದಾಮಿಯಾನೋರ ದೇವಾಲಯದ ಬಳಿ ಕತ್ತಲ ಕೋಣೆಯೊಂದರಲ್ಲಿ ಐವತ್ತಕ್ಕೂ ಹೆಚ್ಚು ದಿನ ಮಲಗಿದರು. ಹಗಲಿನ ಬೆಳಕನ್ನಾಗಲೀ ಇರುಳಿನ ದೀಪವನ್ನಾಗಲೀ ಅವರ ಕಣ್ಣು ಸಹಿಸದು. ನಿದ್ರೆಗೆ ಇಲಿಗಳ ಕಾಟ. 1225ರಲ್ಲಿ, ಇಂಥ ಯಾತನೆಯ ನಡುವೆ, ಸೃಷ್ಟಿಯ ಸ್ತುತಿಗೀತೆಯನ್ನು ಅವರು ಲತೀನಿನಲ್ಲಲ್ಲ, ತಮ್ಮ ನಾಡಿನ ಜನರ ಆಡುಮಾತಿನಲ್ಲಿ ರಚಿಸಿದರು. ಸೂರ್ಯ ಅಲ್ಲಿ ಸೋದರ, ನೀರು ಸೋದರಿ. ತೊರೆಯ ಹೊಳಪನ್ನು ನೋಡಲಾರದವರು ಅದಕ್ಕಾಗಿ ದೇವರನ್ನು ಸ್ತುತಿಸಿದರು. ನೀರಿನ ವಿನಯವನ್ನೂ ಅವರು ಗುರುತಿಸಿದ್ದಾರೆ: ಎತ್ತರದ ಆಸನವನ್ನು ಬಯಸದೆ ತಗ್ಗನ್ನೇ ಅರಸುವ ನೀರಿನಲ್ಲಿ ಬಡತನದ ಆ ಸೇವಕರು ತಮ್ಮ ಬಂಧುವನ್ನು ಕಂಡುದು ಸಹಜವೇ ಸರಿ.

1226ರ ಅಕ್ಟೋಬರ್ 3ರ ಸಂಜೆ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಎರಡೇ ವರ್ಷಗಳಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. 1979ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ಫ್ರಾನ್ಸಿಸರನ್ನು ಪರಿಸರ ರಕ್ಷಕರ ಪಾಲಕ ಸಂತರನ್ನಾಗಿ ಸಾರಿದರು. ಅವರ ಹೆಸರನ್ನೇ ಧರಿಸಿದ ಜಗದ್ಗುರು ಫ್ರಾನ್ಸಿಸ್ 2015ರ ತಮ್ಮ ವಿಶ್ವಪತ್ರಕ್ಕೆ ಆ ಸ್ತುತಿಗೀತೆಯಿಂದಲೇ ‘ಲೌದಾತೊ ಸಿ’ ಎಂಬ ಶೀರ್ಷಿಕೆ ಆರಿಸಿಕೊಂಡರು. ಶುದ್ಧವಾದ ಕುಡಿಯುವ ನೀರು ಪ್ರತಿಯೊಬ್ಬ ಮನುಷ್ಯನ ಮೂಲಭೂತ ಹಕ್ಕೆಂದೂ, ಅದನ್ನು ಪಡೆಯದ ಬಡವರಿಗೆ ಲೋಕವು ದೊಡ್ಡ ಋಣ ತೀರಿಸಬೇಕಾಗಿದೆಯೆಂದೂ ಆ ಪತ್ರ ಬೋಧಿಸುತ್ತದೆ.